ಹೋದಲಿಲ್ಲ ಅಂತ ಯಾವ ಮಗೂನೂ ಅನ್ನಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಅರಸೀಕೆರೆ ತಾಲೂಕಿನ ಒಂದು ಹಳ್ಳಿಯವಳು. ಬಿಎ ಬಿಎಡ್ ಆಗಿದೆ, ಒಂಬತ್ತು ವರ್ಷದಿಂದ ಸಾಯಂಕಾಲ ಮನೆ ಜಗಲಿ ಮೇಲೆ ಟ್ಯೂಷನ್ ಮಾಡ್ತಿದೀನಿ, ಐದನೇ ಕ್ಲಾಸಿಂದ ಹತ್ತನೇ ಕ್ಲಾಸ್ ತನಕ ಹದಿನೇಳು ಮಕ್ಕಳು, ಎಲ್ಲಾ ಕನ್ನಡ ಮೀಡಿಯಂ. ಗಣಿತ ವಿಜ್ಞಾನ ಹೇಗೋ ಸಾಗುತ್ತೆ, ಇಂಗ್ಲಿಷ್ ಅಂದ ತಕ್ಷಣ ಮುಖ ಬಾಡೋಗುತ್ತೆ, ಅದರಲ್ಲೂ ಪಾಸ್ಟ್ ಟೆನ್ಸ್. ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ, ದಸರಾ ರಜೆ ಆದ್ಮೇಲೆ ಒಂದು ನೋಟ್‌ಬುಕ್ ನೋಡಿ ಇನ್ನು ಸುಮ್ನಿರಕ್ಕಾಗ್ಲಿಲ್ಲ.

ಏಳನೇ ಕ್ಲಾಸ್ ಹುಡುಗಿದು. ರಜೇಲಿ ಏನ್ ಮಾಡಿದ್ರಿ ಅಂತ ಇಂಗ್ಲಿಷಲ್ಲಿ ಬರ್ಕೊಂಡ್ ಬನ್ನಿ ಅಂತ ಶಾಲೇಲಿ ಅಂದಿದ್ರಂತೆ. ಅವಳು ಬರೆದಿದ್ದು ಹೀಗಿತ್ತು: "ಐ ವಾಸ್ ವೆಂಟ್ ಗ್ರಾಂಡ್‌ಮದರ್ ಹೌಸ್ ಇನ್ ಬಸ್. ಮೈ ಗ್ರಾಂಡ್‌ಫಾದರ್ ದೇ ಕೇಮ್ ವಿತ್ ಮೈ. ಐ ಡಿಡ್ ನಾಟ್ ವೆಂಟ್ ಫೀಲ್ಡ್. ಟು ಮೀ ಫೀವರ್ ಕೇಮ್." ನಾಲ್ಕಕ್ಕೂ ಅಡ್ಡ ಕೆಂಪು ಗೆರೆ, ಕೆಳಗೆ ಸರಿ ವಾಕ್ಯ, ಒಂದೊಂದನ್ನೂ ಹತ್ತತ್ತು ಸಲ ಬರೀಬೇಕು ಅಂತ. ಬರೆದಿದ್ಲು ಪಾಪ, ನಲವತ್ತು ಸಾಲು, ಗುಂಡು ಗುಂಡಗೆ. ಮುಂದಿನ ವಾರ ನಾನು ಜಾತ್ರೆ ಬಗ್ಗೆ ಬರಿ ಅಂದೆ. "ಐ ವಾಸ್ ವೆಂಟ್ ಜಾತ್ರೆ" ಅಂತ ಶುರು ಮಾಡಿದ್ಲು.

ಆ ನಾಲ್ಕು ವಾಕ್ಯ ಇಟ್ಕೊಂಡು ರಾತ್ರಿ ಕೂತೆ. ಕೂತು ನೋಡ್ತಾ ನೋಡ್ತಾ ನಂಗೆ ಕಂಡಿದ್ದು ಏನಂದ್ರೆ ಅದರಲ್ಲಿ ಒಂದೂ ಮನಸ್ಸಿಗೆ ಬಂದಂಗೆ ಬರೆದಿದ್ದಲ್ಲ, ಪ್ರತಿಯೊಂದರ ಹಿಂದೆನೂ ಕನ್ನಡದ ಒಂದು ನಿಯಮ ಇದೆ, ಆ ಹುಡುಗಿ ಆ ನಿಯಮನ ಚಾಚೂ ತಪ್ಪದೆ ಪಾಲಿಸಿದಾಳೆ, ಆದ್ರೆ ಅದು ಅಲ್ಲಿ ನಡೆಯಲ್ಲ ಅಂತ ಅವಳಿಗೆ ಯಾರೂ ಹೇಳಿಲ್ಲ.

ಮೊದಲನೇದು ತಗೊಳಿ. ಐ ವಾಸ್ ವೆಂಟ್. ಇದು ನಮ್ಮ ಕಡೆ ಮಕ್ಕಳು ಬರೆಯೋ ತಪ್ಪುಗಳಲ್ಲಿ ನಾನು ಅತಿ ಹೆಚ್ಚು ನೋಡಿರೋದು. ನಾವು ಮನೇಲಿ ಏನಂತೀವಿ? "ನಿನ್ನೆ ಅಜ್ಜಿ ಮನೆಗೆ ಹೋಗಿದ್ದೆ" ಅಂತೀವಿ. ಹೋಗಿದ್ದೆ ಅನ್ನೋದನ್ನ ಬಿಡಿಸಿದ್ರೆ ಹೋಗಿ, ಇದ್ದೆ. ವಾಸ್ ಅಂದ್ರೆ ಇದ್ದೆ ಅಂತ ಕ್ಲಾಸಲ್ಲಿ ಹೇಳ್ಕೊಟ್ಟಿದಾರೆ, ವೆಂಟ್ ಅಂದ್ರೆ ಹೋದದ್ದು ಅಂತಾನೂ ಹೇಳ್ಕೊಟ್ಟಿದಾರೆ, ಮಗು ಎರಡೂ ಸೇರಿಸ್ತು. ಇನ್ನೇನ್ ಮಾಡ್ಬೇಕಿತ್ತು ಅದು? ಸ್ವಲ್ಪ ಓದ್ಕೊಂಡಿರೋ ದೊಡ್ಡವರು ಇದೇ ಹೋಗಿದ್ದೆನ "ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರ್" ಅಂತಾರೆ, ಅದೂ ಇದೇ ಗಿಡದ ಹಣ್ಣು. ಕನ್ನಡದಲ್ಲಿ ಹೋಗಿದ್ದೆ ಅಂದ್ರೆ ಹೋಗಿ ವಾಪಸ್ ಬಂದಾಯ್ತು ಅನ್ನೋ ಅರ್ಥನೂ ಒಳಗೇ ಇರುತ್ತೆ. ಇಂಗ್ಲಿಷಲ್ಲಿ ನಿನ್ನೆ ಅಂತ ದಿನ ಹೇಳಿದ್ರೆ ಸುಮ್ನೆ ವೆಂಟ್ ಸಾಕು, ಹೋಗಿ ಬಂದಿದ್ದು ಅದರಲ್ಲೇ ಬಂತು. ಹ್ಯಾಡ್ ಗಾನ್ ಬೇಕಾಗೋದು ಎರಡು ಸಂಗತಿ ನಡೆದು ಅದರಲ್ಲಿ ಒಂದು ಮುಂಚೆ ಆಗಿತ್ತು ಅಂತ ಹೇಳುವಾಗ, "ನಾನು ಸ್ಟಾಂಡಿಗೆ ಬರೋ ಹೊತ್ತಿಗೆ ಬಸ್ ಹೋಗಿತ್ತು" ಅಂತೀವಲ್ಲ, ಅಂಥ ಕಡೆ.

ಇಷ್ಟನ್ನ ಕನ್ನಡದಲ್ಲಿ ಐದು ನಿಮಿಷ ಹೇಳಿದ್ರೆ ಮಗೂಗೆ ಅರ್ಥ ಆಗುತ್ತೆ. ಹೇಳಿದೆ, ಅರ್ಥ ಆಯ್ತು. ಆಮೇಲೆ ಅವಳೇ ಕೇಳಿದ್ಲು, "ಅಕ್ಕಾ ಹಂಗಾದ್ರೆ ಹೋಗ್ತಿದ್ದೆ ಅನ್ನಕ್ಕೂ ವಾಸ್ ಹಾಕ್ಬಾರ್ದಾ?" ಹಾಕ್ಬೇಕು ಕಣೇ, ಹೋಗ್ತಾ ಇದ್ದೆ, ವಾಸ್ ಗೋಯಿಂಗ್, ಅಲ್ಲಿ ಇದ್ದೆ ಸರಿಯಾಗಿ ಕೂತ್ಕೊಳುತ್ತೆ ಅಂದೆ. ಹೋಗಿದ್ದೆಗೆ ಬೇಡ, ಹೋಗ್ತಿದ್ದೆಗೆ ಬೇಕು. ಏಳನೇ ಕ್ಲಾಸ್ ಮಗು ಈ ಪ್ರಶ್ನೆ ಕೇಳ್ತು ಅಂದ್ರೆ ಅದಕ್ಕೆ ವ್ಯಾಕರಣ ಬರಲ್ಲ ಅಂತ ಯಾರ್ ಹೇಳಕ್ಕಾಗುತ್ತೆ.

ಇನ್ನು ಡಿಡ್ ನಾಟ್ ವೆಂಟ್. ನಾನು ಈ ಪತ್ರ ಬರೆಯಕ್ಕೆ ಮುಖ್ಯ ಕಾರಣ ಇದೇ. ಡಿಡ್ ಬಂದ್ರೆ ವಿ ಒನ್ ಹಾಕ್ಬೇಕು, ಡಿಡ್ ಬಂದ್ರೆ ವಿ ಒನ್ ಹಾಕ್ಬೇಕು ಅಂತ ಮಕ್ಕಳು ಮಗ್ಗಿ ಥರ ಹೇಳ್ತವೆ (ವಿ ಒನ್ ಅಂದ್ರೆ ಗೋ ಅನ್ನೋ ಥರ ಕ್ರಿಯಾಪದದ ಮೂಲ ರೂಪ), ಬರೆಯುವಾಗ ಮಾತ್ರ ವೆಂಟ್ ಅಂತಾನೇ ಬರೀತವೆ. ನಾನೂ ಎಷ್ಟೋ ವರ್ಷ ಹಾಗೇ ಬಾಯಿಪಾಠ ಮಾಡಿಸ್ತಿದ್ದೆ. ಒಂದ್ ದಿನ ಹೊಳೀತು. ಕನ್ನಡದಲ್ಲಿ ನಾವು ಹೋದೆ ಅನ್ನೋದಕ್ಕೆ ಇಲ್ಲ ಅನ್ನುವಾಗ ಏನಂತೀವಿ? ಹೋಗಲಿಲ್ಲ. ಹೋದಲಿಲ್ಲ ಅಂತ ಯಾರಾದ್ರೂ ಅಂತಾರಾ? ಮೂರು ವರ್ಷದ ಮಗೂನೂ ಅನ್ನಲ್ಲ. ತಿಂದೆ, ತಿನ್ನಲಿಲ್ಲ. ಕೊಟ್ಟೆ, ಕೊಡಲಿಲ್ಲ. ಬಿದ್ದೆ, ಬೀಳಲಿಲ್ಲ. ಬಂದೆ, ಬರಲಿಲ್ಲ. ಇಲ್ಲ ಅಂತ ಬಂದ ತಕ್ಷಣ ಬಿದ್ದೆ ಅನ್ನೋದು ಮತ್ತೆ ಬೀಳು ಕಡೆಗೇ ವಾಪಸ್ ಹೋಗುತ್ತೆ. ಇಂಗ್ಲಿಷಲ್ಲೂ ಅದೇ ತಾನೇ ಆಗೋದು, ಫೆಲ್ ಅನ್ನೋದು ಡಿಡ್ ನಾಟ್ ಫಾಲ್ ಆಗುತ್ತೆ. ನಿಯಮ ಮಗುವಿನ ಬಾಯಲ್ಲೇ ಇದೆ, ಶಾಲೆಗೆ ಸೇರೋ ಮುಂಚೆನೇ ಬಂದಿದೆ, ನಾವು ಅದನ್ನ ಕರೆದು ತೋರ್ಸಿಲ್ಲ ಅಷ್ಟೇ.

ಇನ್ನೊಂದು ಇದೆ ಇದರಲ್ಲೇ. ನಾನು ಹೋದೆ, ನಾವು ಹೋದ್ವಿ, ನೀವು ಹೋದ್ರಿ, ಅವನು ಹೋದ, ಅವಳು ಹೋದ್ಲು, ಅವರು ಹೋದ್ರು, ಅದು ಹೋಯ್ತು, ಅವು ಹೋದ್ವು. ಒಂದು ಹೋಗು ಅನ್ನೋದಕ್ಕೆ ಇಷ್ಟು ಬಾಲ. ಇಂಗ್ಲಿಷಲ್ಲಿ ಎಲ್ಲದಕ್ಕೂ ಒಂದೇ ವೆಂಟ್. ಅದು ಸುಲಭ ಅಲ್ವಾ ಅಂತ ದೊಡ್ಡವರಿಗೆ ಅನ್ಸುತ್ತೆ, ಮಕ್ಕಳಿಗೆ ಅದೇ ಕಷ್ಟ, ಯಾಕಂದ್ರೆ ಹೋದ್ಲು ಅಂದ್ರೆ ಸಾಕು ಹೆಣ್ಣು ಅಂತ ಗೊತ್ತಾಗುತ್ತೆ, ಹೋದ್ವಿ ಅಂದ್ರೆ ನಾವು ಅಂತ ಗೊತ್ತಾಗುತ್ತೆ, ಹಾಗಾಗಿ ನಾವು ಮಾತಾಡುವಾಗ ನಾನು ನೀನು ಅವಳು ಎಲ್ಲಾ ಬಿಟ್ಟೇ ಬಿಡ್ತೀವಿ. ಊಟ ಮಾಡಿದ್ಯಾ? ಮಾಡಿದೆ. ಎಲ್ಲೋದ್ರು? ತೋಟಕ್ಕೋದ್ರು. ಅದೇ ಅಭ್ಯಾಸದಲ್ಲಿ ಮಕ್ಕಳು "ವೆಂಟ್ ಟು ಮಾರ್ಕೆಟ್" ಅಂತ ಬರೆದು ಐನೋ ಶೀನೋ ಬಿಟ್ಬಿಡ್ತವೆ, ಹೋಗಿದ್ದು ಯಾರು ಅಂತ ಓದೋರಿಗೆ ಗೊತ್ತಾಗೋದೇ ಇಲ್ಲ. ಬಾಲ ಇಲ್ಲದ ಭಾಷೇಲಿ ತಲೆ ಬಿಡಂಗಿಲ್ಲ ಅಂತ ನಾನು ಹೇಳ್ತೀನಿ. ಆದ್ರೆ ನೋಡಿ, ಕನ್ನಡದಲ್ಲೂ ಒಂದು ಕಡೆ ಎಲ್ಲರಿಗೂ ಒಂದೇ ರೂಪ ಇದೆ, ಎಲ್ಲಿ ಅಂದ್ರೆ ಅದೇ ಇಲ್ಲ ಅನ್ನೋ ಜಾಗದಲ್ಲಿ. ನಾನು ಹೋಗಲಿಲ್ಲ, ನೀನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ, ಹಸು ಹೋಗಲಿಲ್ಲ. ಬಾಲ ಎಲ್ಲಾ ಉದುರೋಯ್ತು. ಸುಮ್ನೆ ಹೋಗಲಿಲ್ಲ ಅಂದ್ರೆ ಯಾರು ಅಂತ ಕೇಳ್ಬೇಕಾಗುತ್ತೆ. ವೆಂಟ್ ಅನ್ನೋದು ಹಂಗೆ ಕಣ್ರೋ, ಹೋಗಲಿಲ್ಲ ಥರ, ಯಾರಿಗ್ ಬೇಕಾದ್ರೂ ಹೊಂದ್ಕೊಳುತ್ತೆ ಅಂದೆ. ಆರನೇ ಕ್ಲಾಸಿನ ಒಬ್ಬ ಹುಡುಗ ಜಗಲಿ ಮೇಲೆ ಎದ್ದು ನಿಂತ್ಕೊಂಡು ಹೋಗಲಿಲ್ಲ, ಬರಲಿಲ್ಲ, ತಿನ್ನಲಿಲ್ಲ ಅಂತ ಒಂದೊಂದೇ ಹೇಳ್ಕೊಂಡು ಹೌದಲ್ವಾ ಹೌದಲ್ವಾ ಅಂತಿದ್ದ. ಆಮೇಲಿಂದ ಅವನು ಡಿಡ್ ನಾಟ್ ವೆಂಟ್ ಬರೆದಿಲ್ಲ.

ವಾಸ್ ವೇರ್ ಒಂದು ಮಾತ್ರ ಇಂಗ್ಲಿಷಲ್ಲಿ ಹಳೇ ಕಾಲದ್ದು ಉಳ್ಕೊಂಡಿರೋದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಭೂತಕಾಲದ ಕ್ರಿಯಾಪದಕ್ಕೆ ಒಬ್ಬರಿಗೊಂದು ಹಲವರಿಗೊಂದು ಅಂತ ಬಾಲ ಇತ್ತು, ಕಾಲಕ್ರಮೇಣ ಎಲ್ಲಾ ಕಳಚೋಯ್ತು, ಇದೊಂದು ಉಳೀತು. ವೆಂಟ್ ಕೂಡ ಮೊದಲು ಗೋ ಅನ್ನೋದರ ಭೂತಕಾಲ ಆಗಿರ್ಲಿಲ್ಲ, ವೆಂಡ್ ಅಂತ ಬೇರೆ ಕ್ರಿಯಾಪದದ್ದು, ಆಮೇಲೆ ಬಂದು ಈ ಮನೆ ಸೇರ್ಕೊಂಡಿದ್ದು. ಇದನ್ನ ಹೇಳಿದಾಗ ಮಕ್ಕಳಿಗೆ ಒಂದು ಸಮಾಧಾನ ಆಗುತ್ತೆ, ಗೋ ಹೆಂಗೆ ವೆಂಟ್ ಆಯ್ತು ಅನ್ನೋದು ತಮ್ಮ ತಲೆ ದೋಷ ಅಲ್ಲ ಅಂತ.

ಗೋ ವೆಂಟ್ ಗಾನ್, ಕಮ್ ಕೇಮ್ ಕಮ್ ಪಟ್ಟಿ ಎಲ್ಲರ ನೋಟ್‌ಬುಕ್ ಹಿಂದಿನ ಪೇಜಲ್ಲೂ ಇರುತ್ತೆ. ಅದು ಬೇಡ ಅನ್ನಲ್ಲ, ಬಾಯಿಗೆ ಬರ್ಲೇಬೇಕು. ಆದ್ರೆ ಕನ್ನಡದಲ್ಲೂ ಮಾಡು ಮಾಡಿದೆ, ಓದು ಓದಿದೆ ಅಂತ ನೇರ ಹೋಗೋವು ಒಂದು ಗುಂಪು, ಕೊಡು ಕೊಟ್ಟೆ, ನಗು ನಕ್ಕೆ, ಏಳು ಎದ್ದೆ, ಸೋಲು ಸೋತೆ, ಹೊರು ಹೊತ್ತೆ ಅಂತ ದಾರಿ ತಪ್ಪೋವು ಇನ್ನೊಂದು ಗುಂಪು ಅಂತ ತೋರಿಸಿ ಆಮೇಲೆ ಆ ಪಟ್ಟಿ ಕೈಗ್ ಕೊಟ್ರೆ ಚೆನ್ನಾಗಿರುತ್ತೆ. ನಮ್ಮಣ್ಣನ ಮಗಳು ಮೂರು ವರ್ಷದಲ್ಲಿ "ನಾನು ಬೀಳಿದೆ" ಅಂತಿದ್ಲು. ಮನೇಲಿ ಯಾರೂ ಕೆಂಪು ಗೆರೆ ಎಳೀಲಿಲ್ಲ, ಅಯ್ಯೋ ಬಿದ್ಯಾ ಕಂದಾ ಅಂತ ಎತ್ಕೊಂಡ್ವಿ, ಹಂಗೇ ಕೇಳ್ತಾ ಕೇಳ್ತಾ ಬಿದ್ದೆ ಅನ್ನೋದು ಕಲಿತ್ಲು.

ಮೈ ಗ್ರಾಂಡ್‌ಫಾದರ್ ದೇ ಕೇಮ್ ಬಗ್ಗೆ ಹೇಳ್ಬೇಕು. ಯಾಕಮ್ಮಾ ದೇ ಅಂತ ಹಾಕಿದೀಯ, ತಾತ ಒಬ್ರೇ ಅಲ್ವಾ ಅಂದೆ. ಅವಳು ತಲೆ ತಗ್ಗಿಸ್ಕೊಂಡು "ಹೀ ಅಂದ್ರೆ ತಾತಂಗೆ ಅವನು ಅಂದಂಗಾಗುತ್ತಲ್ವಾ ಅಕ್ಕಾ" ಅಂದ್ಲು. ಇದಕ್ಕೆ ಕೆಂಪು ಗೆರೆ ಎಳೆಯೋಕೆ ನಂಗಂತೂ ಕೈ ಬರಲ್ಲ. ಆ ಮಗೂಗೆ ಮರ್ಯಾದೆ ಕೊಡಬೇಕು ಅನ್ನೋದು ಸರ್ವನಾಮದಲ್ಲೇ ಕಲ್ತಿದೆ. ಇಂಗ್ಲಿಷಲ್ಲಿ ಹೀ ಅನ್ನೋದು ಅವನು ಅಂತಾನೂ ಅಲ್ಲ ಅವರು ಅಂತಾನೂ ಅಲ್ಲ, ಎರಡಕ್ಕೂ ಅದೊಂದೇ, ಅವರ ರಾಜನಿಗೂ ಹೀನೇ, ಅಂಗಡಿ ಹುಡುಗನಿಗೂ ಹೀನೇ, ಅದರಲ್ಲಿ ಅಗೌರವ ಇಲ್ಲ ಅಂತ ಹೇಳಿದ್ಮೇಲೆ ಧೈರ್ಯವಾಗಿ ಬರೆದ್ಲು.

ವಿತ್ ಮೈ ಅನ್ನೋದು ಇನ್ನೂ ಸೂಕ್ಷ್ಮ. ನನ್ನ ಜೊತೆ, ಅವನ ಹತ್ರ, ಅವರ ಮೇಲೆ. ಕನ್ನಡದಲ್ಲಿ ಜೊತೆ ಹತ್ರ ಮೇಲೆ ಇವಕ್ಕೆಲ್ಲ ಮುಂಚೆ ಷಷ್ಠಿ ವಿಭಕ್ತಿ ಬರುತ್ತೆ, ನನ್ನ ಅವನ ಅಂತ. ನನ್ನ ಅಂದ್ರೆ ಮೈ ಅಂತ ಮಗೂಗೆ ಗೊತ್ತು, ಹಾಗಾಗಿ ವಿತ್ ಮೈ, ವಿತ್ ಹಿಸ್. ವಿಚಿತ್ರ ಅಂದ್ರೆ ಅವಳ ಜೊತೆ ಅಂತ ಬರೆಯುವಾಗ ವಿತ್ ಹರ್ ಅಂತ ಬರೆದು ಸರಿ ಆಗ್ಬಿಡುತ್ತೆ, ಯಾಕಂದ್ರೆ ಇಂಗ್ಲಿಷಲ್ಲಿ ಅವಳ ಅನ್ನೋದೂ ಅವಳನ್ನ ಅನ್ನೋದೂ ಎರಡೂ ಹರ್. ಅಕ್ಕನ ಬಗ್ಗೆ ಬರೆದ್ರೆ ರೈಟು ಅಣ್ಣನ ಬಗ್ಗೆ ಬರೆದ್ರೆ ರಾಂಗು, ಯಾಕೆ ಅಂತ ಮಗೂಗೆ ತಲೆಬುಡ ಗೊತ್ತಾಗಲ್ಲ, ಕೊನೆಗೆ ಇದೆಲ್ಲಾ ಅದೃಷ್ಟದ ಆಟ ಅನ್ಕೊಂಡು ಕೈ ಬಿಡ್ತವೆ. ಇಂಗ್ಲಿಷಲ್ಲಿ ಟು, ವಿತ್, ಫ್ರಮ್ ಇಂಥವು ಆದ್ಮೇಲೆ ಮೀ, ಹಿಮ್, ಹರ್, ಅಸ್, ದೆಮ್ ಬರ್ಬೇಕು, ಅಷ್ಟೇ.

ಪ್ರಿಪೊಸಿಷನ್ ಅನ್ನೋ ಹೆಸರೇ ಮಕ್ಕಳನ್ನ ಹೆದರ್ಸುತ್ತೆ. ಎಂಟು ಒಂಬತ್ತನೇ ಕ್ಲಾಸ್ ಕನ್ನಡ ಪೀರಿಯಡ್ಡಲ್ಲಿ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ವಿಭಕ್ತಿ ಪ್ರತ್ಯಯ ಬಾಯಿಪಾಠ ಹೇಳ್ತವೆ. ಮುಂದಿನ ಪೀರಿಯಡ್ಡಲ್ಲೇ ಇನ್, ಆನ್, ಅಟ್, ಟು, ಫ್ರಮ್ ಅಂತ ಬಾಯಿಪಾಠ. ಎರಡೂ ಒಂದೇ ಕೆಲಸ ಮಾಡೋವು, ಒಂದು ಹೆಸರು ಆದ್ಮೇಲೆ ಅಂಟ್ಕೊಳುತ್ತೆ ಇನ್ನೊಂದು ಹೆಸರಿಗಿಂತ ಮುಂಚೆ ನಿಂತ್ಕೊಳುತ್ತೆ ಅಂತ ಹೇಳೋರು ಯಾರೂ ಇಲ್ಲ. 13ನೇ ಶತಮಾನದಲ್ಲಿ ಕೇಶಿರಾಜ ಕನ್ನಡದ ವಿಭಕ್ತಿಗಳನ್ನ ಪಟ್ಟಿ ಮಾಡಿಟ್ಟಿದಾನೆ, ಅದನ್ನ ಐದು ಅಂಕಕ್ಕೆ ಓದಿ ಮರೆತುಬಿಡೋ ಬದಲು ಇಂಗ್ಲಿಷ್ ಕಲಿಯಕ್ಕೆ ಬಳಸ್ಕೊಬಾರ್ದಾ?

ನಿಮ್ಮ ಪತ್ರಿಕೇನೇ ತಗೊಳಿ ಸರ್. "ಸಭೆ ಬೆಳಿಗ್ಗೆ 10 ಗಂಟೆಗೆ", "ಆಗಸ್ಟ್ 15ರಂದು", "1947ರಲ್ಲಿ". ದಿನಾ ಪ್ರಿಂಟ್ ಆಗುತ್ತೆ. ಗಂಟೆಗೆ ಅನ್ನೋ ಕಡೆ ಅಟ್, ರಂದು ಅನ್ನೋ ಕಡೆ ಆನ್, ವರ್ಷಕ್ಕೋ ತಿಂಗಳಿಗೋ ಅಲ್ಲಿ ಅನ್ನೋ ಕಡೆ ಇನ್. ಮೂರಕ್ಕೆ ಮೂರು. ನಾನು ಹಳೇ ಪೇಪರ್ ಕೊಟ್ಟು ಗಂಟೆಗೆ, ರಂದು, ರಲ್ಲಿ ಹುಡುಕಿ ಪೆನ್ಸಿಲಲ್ಲಿ ಗೆರೆ ಎಳೀರಿ ಅಂತೀನಿ, ಪಕ್ಕದಲ್ಲಿ ಇಂಗ್ಲಿಷ್ ಬರೆಸ್ತೀನಿ. ಜಾಗದ ವಿಷಯದಲ್ಲಿ ಇಷ್ಟು ಸಲೀಸಾಗಿ ಹೊಂದಲ್ಲ, ಬಸ್ಸಲ್ಲಿ ಅಂದ್ರೆ ಬೈ ಬಸ್ ಕೂಡ ಆಗ್ಬಹುದು ಆನ್ ದಿ ಬಸ್ ಕೂಡ ಆಗ್ಬಹುದು, ಯಾವುದರಿಂದ ಹೋದೆ ಅಂತ ಹೇಳ್ತಿದೀಯೋ ಎಲ್ಲಿ ಕೂತಿದ್ದೆ ಅಂತ ಹೇಳ್ತಿದೀಯೋ ನೋಡ್ಕೊಬೇಕು. ಮನೆಗೆ ಹೋದೆ ಅನ್ನೋದರಲ್ಲಿ ಗೆ ಇದೆ, ಆದ್ರೆ ವೆಂಟ್ ಹೋಮ್ ಅಂದ್ರೆ ಟು ಬೇಡ. ನನ್ನ ಮೇಲೆ ಕೋಪ ಬಂತು ಅಂದ್ರೆ ಆಂಗ್ರಿ ಆನ್ ಮೀ ಅಲ್ಲ, ಆಂಗ್ರಿ ವಿತ್ ಮೀ. ಇವನ್ನ ಒಂದೊಂದಾಗಿ ರೂಢಿ ಮಾಡ್ಕೊಬೇಕು, ಬೇರೆ ದಾರಿ ಇಲ್ಲ. ಎರಡು ದಿನದ ಹಿಂದೆ ಅನ್ನೋದು ಟು ಡೇಸ್ ಅಗೋ, ಅಗೋ ಮಾತ್ರ ನಮ್ಮ ಹಿಂದೆ ಥರಾನೇ ಕೊನೇಲಿ ಬರುತ್ತೆ, ಇದನ್ನ ತೋರಿಸಿದಾಗ ಮಕ್ಕಳಿಗೆ ಆದ ಖುಷಿ ನೋಡ್ಬೇಕಿತ್ತು ನೀವು, ಪರ ಊರಲ್ಲಿ ನಮ್ಮೂರೋರು ಸಿಕ್ಕಂಗೆ.

ವಾಕ್ಯದ ಜೋಡಣೆ ಹೇಳ್ಕೊಡಕ್ಕೆ ನಾನು ಸ್ಲೇಟ್ ಮೇಲೆ ಒಂದು ಕೆಲಸ ಮಾಡ್ತೀನಿ. "ನಾನು ನಿನ್ನೆ ಬಸ್ಸಲ್ಲಿ ಅಜ್ಜಿ ಮನೆಗೆ ಹೋದೆ" ಅಂತ ಬರೀತೀನಿ. ನಾನು ಅನ್ನೋದನ್ನ ಅಲ್ಲೇ ಬಿಟ್ಟು ಮಿಕ್ಕಿದ್ದನ್ನ ಕೊನೆಯಿಂದ ಓದ್ಕೊಂಡು ಬನ್ನಿ ಅಂತೀನಿ. ಹೋದೆ, ಅಜ್ಜಿ ಮನೆಗೆ, ಬಸ್ಸಲ್ಲಿ, ನಿನ್ನೆ. ವೆಂಟ್, ಟು ಮೈ ಗ್ರಾಂಡ್‌ಮದರ್ಸ್ ಹೌಸ್, ಬೈ ಬಸ್, ಯೆಸ್ಟರ್ಡೇ. ಒಳಗೂ ಹಾಗೇ, ಮನೆ ಆದ್ಮೇಲೆ ಗೆ ಬರೋದು ಅಲ್ಲಿ ಹೌಸ್‌ಗಿಂತ ಮುಂಚೆ ಟು ಆಗಿ ಬರುತ್ತೆ. ಎಲ್ಲಾ ವಾಕ್ಯಕ್ಕೂ ಇದು ಕೂಡಿ ಬರಲ್ಲ, ಯೆಸ್ಟರ್ಡೇ ಮುಂದೆನೂ ಬರ್ಬಹುದು, ಆದ್ರೆ ಶುರು ಮಾಡೋ ಮಗೂಗೆ ಹಿಡ್ಕೊಂಡು ಹತ್ತಕ್ಕೆ ಒಂದು ಹಗ್ಗ ಸಿಕ್ಕಂಗಾಗುತ್ತೆ.

ಕೊನೇದು, ಟು ಮೀ ಫೀವರ್ ಕೇಮ್. ನನಗೆ ಜ್ವರ ಬಂತು. ಕನ್ನಡದಲ್ಲಿ ಬರೋದು ಜ್ವರ, ಹಸಿವು, ನೆನಪು, ನಾವು ಸುಮ್ನೆ ನನಗೆ ಅಂತ ಪಕ್ಕಕ್ಕೆ ಕೂತಿರ್ತೀವಿ. ಇಂಗ್ಲಿಷಲ್ಲಿ ನಾನೇ ಮುಂದೆ ಬಂದು ನಿಲ್ಬೇಕು, ಐ ಹ್ಯಾಡ್ ಎ ಫೀವರ್, ಐ ವಾಸ್ ಹಂಗ್ರಿ, ಐ ರಿಮೆಂಬರ್ಡ್. ನಮ್ಮ ಮಕ್ಕಳಿಗೆಲ್ಲ "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್" ಅನ್ನೋ ರಜಾ ಅರ್ಜಿ ಕಂಠಪಾಠ ಬರುತ್ತೆ, ಜ್ವರ ಬಿಟ್ಟು ಮೂರು ದಿನ ಆದ್ಮೇಲೆ ಕೊಡೋ ಅರ್ಜಿಲೂ ಆಮ್ ಅಂತಾನೇ ಇರುತ್ತೆ, ಬದಲಾಯಿಸಕ್ಕೆ ಗೊತ್ತಿಲ್ಲ, ಯಾಕಂದ್ರೆ ಅದನ್ನ ಒಂದು ವಾಕ್ಯ ಅಂತ ಯಾವತ್ತೂ ಬಿಡಿಸಿ ನೋಡಿಲ್ಲ.

ನಾನು ಮೇಷ್ಟ್ರುಗಳನ್ನ ದೂರ್ತಿಲ್ಲ. ಒಬ್ಬರೇ ಎರಡು ಮೂರು ಕ್ಲಾಸ್ ನೋಡ್ಕೊಳೋ ಶಾಲೆಗಳು ನಮ್ಮ ಸುತ್ತಮುತ್ತ ಎಷ್ಟೋ ಇವೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲಾ ಅವರ ತಲೆ ಮೇಲೆನೇ, ಅವರೂ ಇದೇ ಥರ ಬಾಯಿಪಾಠದಲ್ಲೇ ಇಂಗ್ಲಿಷ್ ಕಲ್ತೋರು. ನಾವು ಓದುವಾಗ ಐದನೇ ಕ್ಲಾಸಿಂದ ಇಂಗ್ಲಿಷ್ ಇತ್ತು, 2007ರಿಂದ ಒಂದನೇ ಕ್ಲಾಸಿಂದಾನೇ ಶುರುವಾಯ್ತು. ನಾಲ್ಕು ವರ್ಷ ಜಾಸ್ತಿ ಸಿಕ್ಕಿದೆ, ಆದ್ರೂ ಎಸ್ಸೆಸ್ಸೆಲ್ಸಿಗೆ ಬಂದ ಮಗು ಡಿಡ್ ನಾಟ್ ವೆಂಟ್ ಬರೆಯೋದು ನಿಂತಿಲ್ಲ ಅಂದ್ರೆ ವರ್ಷ ಕಡಿಮೆ ಆಗಿದ್ದು ಕಾರಣ ಅಲ್ಲ. ಇಂಗ್ಲಿಷ್ ಪೀರಿಯಡ್ಡಲ್ಲಿ ಕನ್ನಡ ಮಾತಾಡ್ಬಾರ್ದು, ಮಾತಾಡಿದ್ರೆ ಮಗು ಕನ್ನಡದಲ್ಲೇ ಯೋಚನೆ ಮಾಡುತ್ತೆ ಅನ್ನೋ ಒಂದು ನಂಬಿಕೆ ಎಲ್ಲಾ ಕಡೆ ಕೂತಿದೆ. ಮಾತಾಡದಿದ್ರೂ ಕನ್ನಡದಲ್ಲೇ ಯೋಚನೆ ಮಾಡ್ತವೆ ಸರ್, ಆ ನಾಲ್ಕು ವಾಕ್ಯಾನೇ ಸಾಕ್ಷಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲೇ ಮಕ್ಕಳ ಬಹುಭಾಷೆನ ಕಲಿಕೆಗೆ ಸಂಪನ್ಮೂಲ ಅಂತ ಬಳಸ್ಬೇಕು ಅಂತ ಹೇಳಿದ್ರು, ಹಳ್ಳಿ ಶಾಲೆ ಬೋರ್ಡಿನ ತನಕ ಅದು ಇನ್ನೂ ಬಂದಿಲ್ಲ.

ನನ್ನ ಜಗಲಿಗೆ ತಾಂಡಾದಿಂದ ಬರೋ ಲಂಬಾಣಿ ಮಕ್ಕಳೂ ಇದಾರೆ, ಉರ್ದು ಮನೆ ಹುಡುಗ ಒಬ್ಬ ಇದಾನೆ. ಅವನಿಗೆ ಹೋದ ಹೋದ್ಲು ಹೇಳುವಾಗ ಗಯಾ ಗಯೀ ನೆನಪು ಮಾಡು ಅಂತೀನಿ, ಅವನ ಭಾಷೇಲೂ ಗಂಡು ಹೆಣ್ಣಿಗೆ ಬಾಲ ಬೇರೆ. ಲಂಬಾಣಿ ನಂಗೆ ಬರಲ್ಲ, ಆ ಮಕ್ಕಳೇ ನಮ್ಮಲ್ಲಿ ಹಿಂಗಂತೀವಿ ಅಕ್ಕಾ ಅಂತ ಹೇಳ್ತವೆ, ನಾನು ಬರ್ಕೊತೀನಿ.

ಶಿಕ್ಷಣ ಇಲಾಖೆಯವರಿಗೆ ನಿಮ್ಮ ಮೂಲಕ ಕೇಳೋದು ಇಷ್ಟು. ಐದರಿಂದ ಎಂಟನೇ ಕ್ಲಾಸ್ ತನಕದ ಇಂಗ್ಲಿಷ್ ಪುಸ್ತಕದ ಕೊನೇಲಿ ನಾಲ್ಕು ಪೇಜ್ ಕನ್ನಡದಲ್ಲಿ ಹಾಕ್ಸಿ, ಹೋದೆ ಹೋಗಲಿಲ್ಲ ಹೋಗಿದ್ದೆ ಹೋಗ್ತಿದ್ದೆ ಪಕ್ಕದಲ್ಲಿ ವೆಂಟ್ ಇಟ್ಟು ವಿವರಿಸಿ, ವಿಭಕ್ತಿ ಪಕ್ಕದಲ್ಲಿ ಪ್ರಿಪೊಸಿಷನ್ ಇಟ್ಟು ವಿವರಿಸಿ. ಇಂಗ್ಲಿಷ್ ಪೀರಿಯಡ್ಡಲ್ಲಿ ವ್ಯಾಕರಣನ ಕನ್ನಡದಲ್ಲಿ ಹೇಳ್ಬಹುದು ಅಂತ ಮೇಷ್ಟ್ರುಗಳಿಗೆ ಬಾಯಿಬಿಟ್ಟು ಹೇಳಿ, ತಪಾಸಣೆಗೆ ಬಂದೋರು ಬೈತಾರೆ ಅನ್ನೋ ಭಯ ಹೋಗ್ಲಿ.

ನಿಮ್ಮನ್ನ ಕೇಳೋದು ಇನ್ನೊಂದು ಇದೆ. ವಿದ್ಯಾರ್ಥಿಗಳ ಪುರವಣಿ ಬರೋ ದಿನ ಒಂದು ಸಣ್ಣ ಜಾಗ ಕೊಡಿ, ವಾರಕ್ಕೆ ಒಂದೇ ಒಂದು ತಪ್ಪು ವಾಕ್ಯ ತಗೊಂಡು ಅದರ ಹಿಂದೆ ಯಾವ ಕನ್ನಡ ಇದೆ ಅಂತ ಬಿಡಿಸಿ ತೋರ್ಸೋಣ. ನನ್ನ ಹತ್ರ ಒಂಬತ್ತು ವರ್ಷದ ನೋಟ್‌ಬುಕ್ ಇವೆ, ಮಕ್ಕಳ ಹೆಸರು ತೆಗೆದು ನಾನೇ ಬರೆದು ಕಳಿಸ್ತೀನಿ, ಸಂಭಾವನೆ ಏನೂ ಬೇಡ. ಮೊದಲನೇ ವಾರಕ್ಕೆ ಹೋಗಲಿಲ್ಲ ಹಾಕೋಣ.

ಇತಿ ತಮ್ಮ ವಿಶ್ವಾಸಿ,
ಟ್ಯೂಷನ್ ಹೇಳ್ಕೊಡೋ ಅಕ್ಕ
ಅರಸೀಕೆರೆ ತಾಲೂಕು, ಹಾಸನ ಜಿಲ್ಲೆ